ಗೀಸರ್ ಬದಲಾಯಿಸಿದ ಮೇಲೆ ಬೆಡ್‌ರೂಮ್ ಗೋಡೆ ಒದ್ದೆ, ಬೀರು ಹಾಳು. ಪ್ಲಂಬರ್‌ನನ್ನು ಕೇಳಬಹುದಾ?

ಸಂಜೆಮಲ್ಲಿಗೆ:
ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಸ್ವಂತ ಮನೆ, 2006ರಲ್ಲಿ ಕಟ್ಟಿಸಿದ್ದು. ದೀಪಾವಳಿಗೆ ಸ್ವಲ್ಪ ಮುಂಚೆ ಹಳೇ ಗೀಸರ್ ಕೈಕೊಟ್ಟಿತು. 25 ಲೀಟರಿನ ಹೊಸದು ತಂದೆವು. ಕಂಪನಿಯವರು ಬಂದು ಕೂರಿಸೋದು ತಡವಾಗುತ್ತದೆ ಅಂದರು. ಹಬ್ಬಕ್ಕೆ ಎಣ್ಣೆಸ್ನಾನಕ್ಕೆ ಬಿಸಿನೀರಿಲ್ಲದೆ ಹೇಗೆ ಅಂತ ಹತ್ತಿರದ ಹಾರ್ಡ್‌ವೇರ್ ಅಂಗಡಿಯವರು ಹೇಳಿದ ಪ್ಲಂಬರ್‌ನನ್ನೇ ಕರೆಸಿದೆವು. ಹಳೇ ತೂತಿಗೆ ಹೊಸ ಗೀಸರ್ ಕೂರಲಿಲ್ಲ. ಟೈಲ್ಸ್ ಮೇಲೆ ಎರಡು ಹೊಸ ತೂತು ಕೊರೆದ. ಕೆಳಗಿನ ಹಳೇ ಕನೆಕ್ಷನ್ ಬಿಚ್ಚೋಕೆ ಬರಲಿಲ್ಲ, ದೊಡ್ಡ ರೆಂಚ್ ಹಾಕಿ ತಿರುಗಿಸಿದ. 1,200 ರೂಪಾಯಿ ಯುಪಿಐ ಮಾಡಿದೆವು. ಬಿಲ್ ಗಿಲ್ ಏನೂ ಇಲ್ಲ.

ಕೆಲವು ವಾರ ಆದ ಮೇಲೆ ಪಕ್ಕದ ಬೆಡ್‌ರೂಮಿನ ಗೋಡೆ ಬೀರುವಿನ ಬಾಗಿಲು ಬಿಗಿಯಾಯಿತು. ಆಮೇಲೆ ಮುಗ್ಗಲು ವಾಸನೆ. ಬಟ್ಟೆ ಎಲ್ಲ ತೆಗೆದು ನೋಡಿದರೆ ಹಿಂದಿನ ಪ್ಲೈವುಡ್ ಉಬ್ಬಿ ಪದರ ಪದರ ಬಿಟ್ಟಿದೆ. ಪ್ಲೈ ಸರಿಸಿದರೆ ಗೋಡೆ ಪೇಂಟ್ ಗುಳ್ಳೆ ಗುಳ್ಳೆ. ಬೆರಳಲ್ಲಿ ಒತ್ತಿದರೆ ಗುಳ್ಳೆ ಒಡೆದು ನೀರು ಜಿನುಗುತ್ತದೆ. ಕೆಳಗೆ ಬಿಳಿ ಉಪ್ಪು ಹತ್ತಿಯ ಹಾಗೆ ಬಂದಿದೆ. ಅಮ್ಮನ ಎರಡು ರೇಷ್ಮೆ ಸೀರೆಗೆ ಕಲೆ. ಬಡಗಿಯನ್ನು ಕೇಳಿದರೆ ಬೀರು ಹಿಂಬದಿ, ತಳ, ಒಂದು ಬಾಗಿಲು ಸೇರಿ 38,000 ಅನ್ನುತ್ತಾರೆ.

ಪ್ಲಂಬರ್‌ಗೆ ಫೋನ್ ಮಾಡಿದರೆ "ಮೇಡಂ, ನಾನು ನಿಮ್ಮ ಪೈಪ್ ಮುಟ್ಟೇ ಇಲ್ಲ, ಗೀಸರ್ ಮಾತ್ರ ಕೂರಿಸಿದ್ದು. ಹಳೇ ಮನೆ, ಎಲ್ಲಿಂದ ಬರ್ತಿದೆಯೋ ನೀರು" ಅಂದ. ಇದು ಅವನ ಕೆಲಸದಿಂದಲೇ ಆಗಿದ್ದಾ? ಆಗಿದ್ದರೆ ದುಡ್ಡು ಕೇಳೋದು ಹೇಗೆ?

ತಿಂಡಿಪೋತ:
ದುಡ್ಡು ಪೂರ್ತಿ ಕೊಟ್ಟಾಯ್ತಾ? ಹಾಗಾದ್ರೆ ಮುಗೀತು ಬಿಡಿ. ಇನ್ನು ಅವನು ಫೋನ್ ಎತ್ತಿದ್ದೇ ದೊಡ್ಡದು.

ಧಾರವಾಡ_ಫೇಡೆ:
ಡ್ರಿಲ್ ಪೈಪ್‌ಗೆ ತಗಲಿದೆ. ನೂರಕ್ಕೆ ನೂರು. ನಮ್ಮ ಮನೆಯಲ್ಲೂ ಟವೆಲ್ ರಾಡ್ ಹಾಕೋಕೆ ಹೋಗಿ ಹೀಗೇ ಆಗಿತ್ತು.

ಎರ್ತಿಂಗ್_ಇದೆಯಾ:
ಯಾರ ತಪ್ಪು ಅನ್ನೋದು ಆಮೇಲೆ. ಮೇಡಂ, ಆ ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಅಥವಾ ಪ್ಲಗ್ ಪಾಯಿಂಟ್ ಇದೆಯಾ? ಇದ್ದರೆ ಆ ಲೈನಿನ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸ್ವಿಚ್) ಇವತ್ತೇ ಇಳಿಸಿ. ಗೀಸರ್ ಕೂಡ ಆಫ್ ಮಾಡಿ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ, ಟ್ರಿಪ್ ಆಗಬೇಕು. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು. ಅದು ಸುಮ್ನೆ ಸುಮ್ನೆ ಬೀಳುತ್ತಿದ್ದರೆ ವೈರಿಂಗ್ ಪೈಪ್ ಒಳಗೆ ನೀರು ಹೋಗಿರುವ ಸಾಧ್ಯತೆ ಇದೆ. 2006ರ ಮನೆಯಲ್ಲಿ ಆರ್‌ಸಿಸಿಬಿ ಇರುವುದೇ ಅನುಮಾನ. ಇಲ್ಲದಿದ್ದರೆ ಈ ಗಲಾಟೆಯಲ್ಲೇ ಒಂದು ಹಾಕಿಸಿಬಿಡಿ.

ಸಂಜೆಮಲ್ಲಿಗೆ:
ಬೀರು ಪಕ್ಕದಲ್ಲೇ ಒಂದು ಪ್ಲಗ್ ಪಾಯಿಂಟ್ ಇದೆ! ಎಂಸಿಬಿ ಇಳಿಸಿದೆ. ಥ್ಯಾಂಕ್ಸ್. ಅದು ತಲೆಗೇ ಬಂದಿರಲಿಲ್ಲ.

ಕಾಲಂ_ಬೀಮ್:
ನಾನು ಸೈಟ್ ಎಂಜಿನಿಯರ್. ಧಾರವಾಡದವರೇ, ನೂರಕ್ಕೆ ನೂರು ಅನ್ನುವ ಮುಂಚೆ ಸ್ವಲ್ಪ ನೋಡೋಣ.

ಡ್ರಿಲ್ ನೇರವಾಗಿ ಪೈಪ್‌ಗೆ ತಗಲಿದ್ದರೆ ಸಾಮಾನ್ಯವಾಗಿ ಆ ಕ್ಷಣವೇ ನೀರು ಚಿಮ್ಮುತ್ತದೆ. ಬೋಲ್ಟ್ ಮತ್ತು ಫಿಷರ್ (ತೂತಿಗೆ ತುರುಕುವ ಪ್ಲಾಸ್ಟಿಕ್ ಬಿರಡೆ) ತೂತನ್ನು ಅರ್ಧ ಮುಚ್ಚಿಕೊಂಡು ನಿಧಾನವಾಗಿ ಒಸರುವುದೂ ಉಂಟು, ಆದ್ರೆ ಅಪರೂಪ. ಇನ್ನೊಂದು ವಿಷಯ. ಗೀಸರ್ ಬ್ರಾಕೆಟ್ ಇರುವುದು ಮೇಲೆ, ನೀರಿನ ಪಾಯಿಂಟ್‌ಗಳು ಇರುವುದು ಕೆಳಗೆ. ಪೈಪ್ ಕೆಳಗಿನಿಂದ ಹತ್ತಿ ಪಾಯಿಂಟ್‌ಗೆ ಬಂದು ನಿಂತರೆ ಬ್ರಾಕೆಟ್ ಜಾಗದಲ್ಲಿ ಪೈಪೇ ಇರುವುದಿಲ್ಲ. ಟೆರೇಸ್ ಟ್ಯಾಂಕಿನಿಂದ ಲೈನ್ ನೇರವಾಗಿ ಆ ಗೋಡೆಯೊಳಗೇ ಇಳಿದಿದ್ದರೆ ಮಾತ್ರ ಅಪಾಯ.

ನನಗೆ ಜಾಸ್ತಿ ಅನುಮಾನ ರೆಂಚ್ ಮೇಲೆ. ಗೋಡೆಯೊಳಗೆ ಪೈಪ್ ಕೊನೆಯಲ್ಲಿ ಒಂದು ಎಲ್ಬೋ (ಮೊಣಕೈ ಹಾಗೆ ಬಾಗಿದ ಜೋಡಣೆ) ಇರುತ್ತದೆ, ಸಿಪಿವಿಸಿ (ಬಿಸಿನೀರಿಗೂ ಹಾಕುವ ಪ್ಲಾಸ್ಟಿಕ್ ಪೈಪ್) ಆದರೆ ಒಳಗೆ ಹಿತ್ತಾಳೆ ಥ್ರೆಡ್ ಕೂರಿಸಿದ್ದು. ಹಳೇ ನಿಪ್ಪಲ್ (ಎಲ್ಬೋಗೆ ತಿರುಗಿಸಿ ಕೂರಿಸುವ ಸಣ್ಣ ಪೈಪ್ ತುಂಡು) ವರ್ಷಗಟ್ಟಲೆ ಅದರೊಳಗೆ ಉಪ್ಪು ಕಟ್ಟಿ ಕಚ್ಚಿಕೊಂಡಿರುತ್ತದೆ, ಬೋರ್‌ವೆಲ್ ನೀರಾದರೆ ಕೇಳಲೇಬೇಡಿ. ಅದನ್ನು ರೆಂಚ್ ಹಾಕಿ ತಿರುಗಿಸಿದಾಗ ನಿಪ್ಪಲ್ ಜೊತೆ ಎಲ್ಬೋ ಕೂಡ ತಿರುಚಿಕೊಂಡು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ. ಟೈಲ್ಸ್ ಹಿಂದೆ ಇಳಿದ ನೀರು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ದಾಟಿ ಆ ಕಡೆ ಕಾಣಿಸುವುದಕ್ಕೆ ವಾರಗಳೇ ಹಿಡಿಯಬಹುದು. "ಪೈಪ್ ಮುಟ್ಟಿಲ್ಲ" ಅನ್ನುವ ಪ್ಲಂಬರ್ ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು, ಅವನಿಗೂ ಗೊತ್ತಾಗಿರುವುದಿಲ್ಲ.

ಎರಡು ಪ್ರಶ್ನೆ. ಬೆಡ್‌ರೂಮ್ ಕಡೆ ಒದ್ದೆ ಶುರುವಾಗುವ ಅತಿ ಮೇಲಿನ ಜಾಗ ನೆಲದಿಂದ ಎಷ್ಟು ಎತ್ತರ? ಬಚ್ಚಲಲ್ಲಿ ಪಾಯಿಂಟ್‌ಗಳು ಎಷ್ಟು ಎತ್ತರ? ಟೇಪ್ ಹಿಡಿದು ಅಳೆಯಿರಿ. ನೀರು ಕೆಳಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಮೇಲಕ್ಕೆ ಹತ್ತುವುದು ಸ್ವಲ್ಪವೇ.

ಮೈಸೂರ್_ಮೈಸೂರ್:
ತುಂಬಾ ಸುಲಭದ ದಾರಿ: ಎಲ್ಲಾ ನಲ್ಲಿ ನಿಲ್ಲಿಸಿ ನೀರಿನ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಲೀಕ್ ಇದೆ ಅಂತ.

ಕಾಲಂ_ಬೀಮ್:
ಬೆಂಗಳೂರಲ್ಲಿ ಅದು ನಡೆಯಲ್ಲ ಸರ್. ಜಲಮಂಡಳಿ ಮೀಟರ್ ದಾಟಿ ನೀರು ಸಂಪ್‌ಗೆ ಬೀಳುತ್ತದೆ. ಮನೆಯೊಳಗಿನ ಪೈಪ್ ಸೋರಿದರೆ ಆ ಮೀಟರ್‌ಗೆ ಏನು ಗೊತ್ತು? ಓವರ್‌ಹೆಡ್ ಟ್ಯಾಂಕಿನಲ್ಲಿ ರಾತ್ರಿ ನೀರಿನ ಮಟ್ಟ ಗುರುತು ಮಾಡಿ, ಯಾರೂ ನೀರು ಬಳಸದೆ ಬೆಳಿಗ್ಗೆ ನೋಡಬೇಕು. ಫ್ಲಶ್ ಟ್ಯಾಂಕ್ ಸೋರುತ್ತಿದ್ದರೂ ಮಟ್ಟ ಇಳಿಯುತ್ತದೆ, ಅದರ ವಾಲ್ವ್ ಮೊದಲು ಮುಚ್ಚಿ.

ಮೈಸೂರ್_ಮೈಸೂರ್:
ನಮ್ಮಲ್ಲಿ ನೀರು ನೇರ ಟ್ಯಾಂಕಿಗೇ ಹತ್ತುತ್ತದೆ, ಸಂಪ್ ಇಲ್ಲ 😌

ತಿಂಡಿಪೋತ:
ಶುರುವಾಯ್ತು ಮೈಸೂರಿನವರದು.

ಸಂಜೆಮಲ್ಲಿಗೆ:
ಅಳೆದೆ. ಬಚ್ಚಲಲ್ಲಿ ಪಾಯಿಂಟ್ 6 ಅಡಿಗೆ ಸ್ವಲ್ಪ ಕಡಿಮೆ. ಬೆಡ್‌ರೂಮಲ್ಲಿ ಒದ್ದೆ ಶುರುವಾಗೋದೂ ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿ, ಅದರ ಮೇಲೆ ಗೋಡೆ ಒಣಗಿದೆ. ಹೊಸ ತೂತುಗಳು ಅದಕ್ಕಿಂತ ಒಂದಡಿ ಮೇಲೆ ಇವೆ. ಇನ್ನೊಂದು ಮಾತು. ಬೆಳಿಗ್ಗೆ ಗೀಸರ್ ಹಾಕಿದಾಗ ಬೀರುವಿನ ಒಳಗೆ ಕೈ ಇಟ್ಟರೆ ಬೆಚ್ಚಗಿರುತ್ತಿತ್ತು ಅಂತ ಅಮ್ಮ ಈಗ ಹೇಳುತ್ತಿದ್ದಾರೆ. ಬಿಸಿಲಿಗೆ ಇರಬೇಕು ಅಂದುಕೊಂಡಿದ್ದರಂತೆ.

ಕಾಲಂ_ಬೀಮ್:
ಅಮ್ಮ ಅರ್ಧ ಕೇಸ್ ಮುಗಿಸಿದರು. ಬಿಸಿನೀರಿನ ಕಡೆಯ ಪಾಯಿಂಟ್ ಅದು. ಗೀಸರ್‌ಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಒಂದು ಬಿಸಿನೀರಿನ ನಲ್ಲಿ ತೆರೆದು ಒತ್ತಡ ಬಿಡಿ, ಹಾಗೇ ಎರಡು ದಿನ ಇಡಿ. ಗುಳ್ಳೆಯಿಂದ ನೀರು ಜಿನುಗುವುದು ನಿಂತರೆ ಬಿಸಿನೀರಿನ ಲೈನೇ. ನಿಲ್ಲದಿದ್ದರೆ ತಣ್ಣೀರಿನ ಕಡೆ ಅಥವಾ ಬೇರೇನೋ. ಗೋಡೆ ಮಾತ್ರ ಎರಡು ದಿನದಲ್ಲಿ ಒಣಗಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ.

ರೆಂಚ್_ಮನೆತನ:
ನಮ್ಮಪ್ಪ ಪ್ಲಂಬರ್. ಎಲ್ಲರೂ ಅವರನ್ನು ಬೈಯೋದನ್ನು ನೋಡಿ ನೋಡಿ ಸಾಕಾಗಿದೆ, ಹಾಗಾಗಿ ಆ ಕಡೆಯದೂ ಸ್ವಲ್ಪ ಕೇಳಿ.

ಹಳೇ ಮನೆಗೆ ಹೋದಾಗ ಅಪ್ಪ ಮೊದಲು ಹೇಳುವುದು "ಸಾರ್, ಈ ಎಲ್ಬೋ ನಂಬೋಕಾಗಲ್ಲ, ಎರಡು ಟೈಲ್ಸ್ ಒಡೆದು ಹೊಸದು ಹಾಕೋಣ" ಅಂತ. ಹತ್ತರಲ್ಲಿ ಒಂಬತ್ತು ಮನೆಯವರ ಉತ್ತರ "ಟೈಲ್ಸ್ ಮುಟ್ಟಬೇಡಪ್ಪ, ಹೇಗಾದರೂ ಅಡ್ಜಸ್ಟ್ ಮಾಡು". ಅಡ್ಜಸ್ಟ್ ಮಾಡಿದ ಮೇಲೆ ಒಡೆದರೆ ಪ್ಲಂಬರ್ ಕಳ್ಳ. 1,200 ರೂಪಾಯಿ ಕೆಲಸದಲ್ಲಿ ಅವನಿಗೆ ಉಳಿಯುವುದು ಎಷ್ಟು? ಬೈಕ್ ಪೆಟ್ರೋಲ್, ಹೆಲ್ಪರ್ ಹುಡುಗನಿಗೆ ಕೊಡುವುದು, ಕೆಲವು ಕಡೆ ಅಂಗಡಿಯವನ ಕಮಿಷನ್ ಬೇರೆ. ಅವನ ಮೇಲೆ 38,000ದ ಬೀರು ಹಾಕಿದರೆ ಎಲ್ಲಿಂದ ತಂದುಕೊಡುತ್ತಾನೆ?

ಧಾರವಾಡ_ಫೇಡೆ:
ಹಂಗಂತ ಮನೆಯವರು ಸುಮ್ಮನಿರಬೇಕೇನ್ರಿ? ನಾನು ಬಸ್ಸಿನಲ್ಲಿ ಹೋಗುವಾಗ ಟಿಕೆಟ್ ಅಗ್ಗ ಅಂತ ಡ್ರೈವರ್ ಗುದ್ದಿಸಿದರೆ ನಡೆಯುತ್ತಾ?

ರೆಂಚ್_ಮನೆತನ:
ಸುಮ್ಮನಿರಿ ಅನ್ನಲಿಲ್ಲ. ಕೆಲಸ ಅವನದೇ ತಪ್ಪಾಗಿದ್ದರೆ ಅವನು ಮತ್ತೆ ಬಂದು ಕೂಲಿ ತಗೊಳ್ಳದೆ ಸರಿ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಬೋ ಮೊದಲೇ ಸತ್ತಿತ್ತಾ ಅಂತ ನೋಡದೆ ತೀರ್ಪು ಕೊಡಬೇಡಿ ಅಂತ ಅಷ್ಟೇ. ಮೇಡಂ, ಅವನು ನಿಮಗೆ ಮೊದಲೇ ಏನಾದರೂ ಎಚ್ಚರಿಸಿದ್ದನಾ?

ಸಂಜೆಮಲ್ಲಿಗೆ:
ನಮ್ಮ ಯಜಮಾನರು ಪಕ್ಕದಲ್ಲೇ ಇದ್ದರು. "ಹಳೇದು ಜಾಮ್ ಆಗಿದೆ" ಅಂದನಂತೆ. ಒಡೆಯಬಹುದು ಅಂತ ಹೇಳಿಲ್ಲ, ಟೈಲ್ಸ್ ತೆಗೆಯೋಣ ಅಂತಲೂ ಕೇಳಿಲ್ಲ.

ರೆಂಚ್_ಮನೆತನ:
ಅದು ಅವನ ತಪ್ಪೇ. ಹೇಳಬೇಕಿತ್ತು.

ಕೋರ್ಟ್‌ಹಕ್ಕಿ:
ಕಾನೂನಿನ ಕಡೆ ಸ್ವಲ್ಪ. ಬಿಲ್ ಇಲ್ಲ ಅಂತ ಕೈಚೆಲ್ಲಬೇಡಿ. ಯುಪಿಐ ದಾಖಲೆ, ವಾಟ್ಸ್ಆ್ಯಪ್ ಮೆಸೇಜ್, ಫೋಟೋ ಎಲ್ಲವೂ ಸಾಕ್ಷಿಯೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಇದು ಸೇವೆಯಲ್ಲಿ ಕೊರತೆ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಅದು ಹೊಸ ಕಾಯ್ದೆಯಲ್ಲಿ ಬಂದ ಅನುಕೂಲ. ಆನ್‌ಲೈನ್ ದೂರಿಗೆ ಮೊದಲು ಇ-ದಾಖಿಲ್ ಇತ್ತು, 2025ರಿಂದ ಇ-ಜಾಗೃತಿ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿದರೆ ಏನು ಮಾಡಬಹುದು ಅಂತ ಹೇಳುತ್ತಾರೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಮೂರನೇ_ಮಹಡಿ:
ಅವನು ಕಂಪನಿಯಲ್ಲ, ಒಬ್ಬ ಮನುಷ್ಯ. ಅವನ ಮೇಲೆ ಗ್ರಾಹಕ ಕೇಸ್ ನಿಲ್ಲುತ್ತಾ? 38,000ಕ್ಕೆ ಫೀಸ್ ಎಷ್ಟು?

ಕೋರ್ಟ್‌ಹಕ್ಕಿ:
ನಿಲ್ಲುತ್ತದೆ. ದುಡ್ಡು ತೆಗೆದುಕೊಂಡು ಸ್ವತಂತ್ರವಾಗಿ ಕೆಲಸ ಮಾಡುವವನು ಒಬ್ಬನೇ ಇದ್ದರೂ ಸೇವೆ ಕೊಡುವವನೇ. ಮನೆಯಲ್ಲಿ ಸಂಬಳಕ್ಕೆ ಇಟ್ಟುಕೊಂಡ ಅಡುಗೆಯವರು, ಡ್ರೈವರ್ ಇಂಥವರ ಕೆಲಸ ಮಾತ್ರ ಇದರಲ್ಲಿ ಬರಲ್ಲ. ಮತ್ತೆ ಫೀಸ್ ಲೆಕ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಹಣದ ಮೇಲೆ. ಇಲ್ಲಿ 1,200. 5 ಲಕ್ಷದವರೆಗೆ ಫೀಸೇ ಇಲ್ಲ.

ಕಾಲಂ_ಬೀಮ್:
ಕಾನೂನು ಸರಿ ಸರ್, ಆದ್ರೆ ಎಲ್ಬೋ ಅವನೇ ಒಡೆದ ಅಂತ ತೋರಿಸುವುದು ಮೇಡಂ ಜವಾಬ್ದಾರಿ. ಇನ್ನೊಬ್ಬರು ಬಂದು ಗೋಡೆ ಒಡೆದು ಹಳೇ ಎಲ್ಬೋ ಮೋರಿಗೆ ಎಸೆದರೆ ಕೇಸ್ ಅಲ್ಲಿಗೇ ಮುಗಿಯಿತು.

ಕೋರ್ಟ್‌ಹಕ್ಕಿ:
ಒಪ್ಪಿದೆ. ಅದಕ್ಕೇ ಗೋಡೆ ಒಡೆಯುವ ದಿನ ಅವನಿಗೆ ಲಿಖಿತವಾಗಿ ತಿಳಿಸಿ, ವಾಟ್ಸ್ಆ್ಯಪ್ ಸಾಕು: "ಇಂಥ ದಿನ ಇಷ್ಟು ಹೊತ್ತಿಗೆ ಒಡೆಯುತ್ತಿದ್ದೇವೆ, ನೀವೂ ಬಂದು ನೋಡಿ." ಬಂದರೆ ಒಳ್ಳೆಯದು, ಬರದಿದ್ದರೆ ಅದೂ ದಾಖಲೆ. ಒಡೆಯುವಾಗ ಶುರುವಿನಿಂದ ಕೊನೆವರೆಗೆ ವಿಡಿಯೋ. ತೆಗೆದ ಭಾಗ ಕವರಿನಲ್ಲಿ ಹಾಕಿಡಿ. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಎಷ್ಟು ಎಳೆಯುತ್ತದೆ ಅಂತ ನನ್ನ ಬಾಯಿಂದ ಹೇಳಿಸಬೇಡಿ.

ಎತ್ತಿನಗಾಡಿ:
ಪೊಲೀಸ್ ಕಂಪ್ಲೇಂಟ್ ಕೊಡಿ. ಒಂದು ಫೋನ್ ಹೋದರೆ ಓಡಿ ಬರುತ್ತಾನೆ.

ಧಾರವಾಡ_ಫೇಡೆ:
ನಮ್ಮ ಭಾವ ಪೇಂಟರ್ ಮೇಲೆ ಕೊಡೋಕೆ ಹೋಗಿದ್ದರು. "ಇದು ಸಿವಿಲ್ ಮ್ಯಾಟರ್ ರೀ, ನೀವೇ ಕೂತು ಬಗೆಹರಿಸಿಕೊಳ್ಳಿ" ಅಂತ ಚಹಾ ಕುಡಿಸಿ ಕಳಿಸಿದರು. ಚಹಾ ಚಲೋ ಇತ್ತಂತೆ.

ಘಟ್ಟದ_ಕೆಳಗೆ:
ನಿಮ್ಮದು ಎಂತ ಮಾರಾಯ್ರೆ, ಒಂದು ಗೋಡೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ತಿರುವಿ ಹಾಕೋಕೆ ಒಬ್ಬರನ್ನು ಕರೆದೆವು. ಮೇಲೆ ಹತ್ತಿದವರು ಒಡೆದದ್ದು ಎಷ್ಟೋ, ಸರಿ ಮಾಡಿದ್ದು ಎಷ್ಟೋ. ಮೊದಲ ಜೋರು ಮಳೆಗೆ ಅಟ್ಟದ ಮೇಲಿದ್ದ ಅಡಿಕೆ ಗೋಣಿ ನೆನೆಯಿತು. ಕೇಳಿದರೆ "ಮಂಗ ಹಾರಿ ಒಡೆದಿದೆ" ಅಂತ. ಮಂಗನ ಮೇಲೆ ಯಾವ ಆಯೋಗಕ್ಕೆ ಹೋಗುವುದು?

ತಿಂಡಿಪೋತ:
ಮಂಗ ಸ್ವತಂತ್ರವಾಗಿ ಸೇವೆ ಕೊಡುತ್ತಾ ಅಥವಾ ಸಂಬಳಕ್ಕಾ, ಅದು ಮುಖ್ಯ.

ಮಲೆನಾಡ_ಮಂಜು:
ನಗಬೇಡಿ. ತೀರ್ಥಹಳ್ಳಿ ಕಡೆ ಮಂಗದ ಕಾಟಕ್ಕೆ ಹೆಂಚು ತೆಗೆದು ಶೀಟ್ ಹಾಕಿಸಿದ ಮನೆ ಎಷ್ಟು ಬೇಕು. ಬೇಸಿಗೆಯಲ್ಲಿ ಒಳಗೆ ಕೂರೋಕೆ ಆಗಲ್ಲ.

ಥೇಮ್ಸ್_ದಂಡೆ:
ಲಂಡನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಪ್ಲಂಬರ್‌ನನ್ನು ಕರೆಯುವ ಮುಂಚೆ "ನಿಮಗೆ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಇದೆಯಾ" ಅಂತ ಕೇಳುವುದು ಮಾಮೂಲು. ನೀರಿನ ಕೆಲಸಕ್ಕೆ ಅದು ಕಾನೂನಿನಲ್ಲಿ ಕಡ್ಡಾಯವಲ್ಲ, ಆದರೂ ಸುಮಾರು ಜನ ಇಟ್ಟುಕೊಂಡಿರುತ್ತಾರೆ. ಗ್ಯಾಸ್ ಬಾಯ್ಲರ್ ಆದರೆ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿಲ್ಲದವರು ಮುಟ್ಟುವ ಹಾಗೇ ಇಲ್ಲ.

ರೆಂಚ್_ಮನೆತನ:
ಅಲ್ಲಿ ಪ್ಲಂಬರ್ ಮನೆಗೆ ಬಂದು ಬೆಲ್ ಒತ್ತಿದ್ದಕ್ಕೆ ಎಷ್ಟು ತಗೋತಾನೆ, ಅದನ್ನೂ ಹೇಳಿ ಸರ್.

ಥೇಮ್ಸ್_ದಂಡೆ:
ಅದನ್ನು ಕೇಳಬಾರದಿತ್ತು. ಅದಕ್ಕೇ ನಾನು ವಿಡಿಯೋ ನೋಡಿ ವಾಷರ್ ನಾನೇ ಬದಲಾಯಿಸುವುದು.

ಮೂರನೇ_ಮಹಡಿ:
ಇನ್ಶೂರೆನ್ಸ್ ಅಂದ ಮೇಲೆ ನೆನಪಾಯಿತು. ಭಾರತ್ ಗೃಹ ರಕ್ಷಾ ಅಂತ ಮನೆ ವಿಮೆ ಇದೆ, 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮೆ ಕಂಪನಿಗಳೆಲ್ಲ ಒಂದೇ ಮಾದರಿಯಲ್ಲಿ ಕೊಡುವುದು. ಪೈಪ್, ನೀರಿನ ಟ್ಯಾಂಕ್ ಒಡೆದು ಆಗುವ ಹಾನಿ ಅದರಲ್ಲಿ ಸೇರಿದೆ. ಮೇಡಂ, ಹೋಮ್ ಲೋನ್ ಜೊತೆ ಬ್ಯಾಂಕಿನವರು ಏನಾದರೂ ವಿಮೆ ಮಾಡಿಸಿದ್ದರೆ ಕಾಗದ ತೆಗೆದು ನೋಡಿ.

ಕೋರ್ಟ್‌ಹಕ್ಕಿ:
ನೋಡಬಹುದು. ಆದರೆ ವಾರಗಟ್ಟಲೆ ಒಸರಿದ್ದು ಅಂದರೆ "ಒಡೆದದ್ದಲ್ಲ, ಸವಕಳಿ" ಅಂತ ಸರ್ವೇಯರ್ ತಕರಾರು ತೆಗೆಯುವುದು ಖಂಡಿತ. ಗೊತ್ತಾದ ಕೂಡಲೇ ತಿಳಿಸಬೇಕು, ತಡ ಮಾಡಿದರೆ ಅದೂ ಒಂದು ನೆಪ.

ಸಂಜೆಮಲ್ಲಿಗೆ:
ಲೋನ್ ತೀರಿ ವರ್ಷಗಳಾಯ್ತು. ವಿಮೆ ಇಲ್ಲ.

ಜರಿಯಂಚು:
ಎಲ್ಲರೂ ಪೈಪ್ ಪೈಪ್ ಅಂತಿದ್ದೀರಲ್ಲ, ಆ ಸೀರೆಗಳ ಕಥೆ ಏನಾಯ್ತು? ಅಕ್ಕಾ, ದಯವಿಟ್ಟು ನೀರಿಗೆ ಹಾಕಬೇಡಿ, ಇಸ್ತ್ರಿ ಮುಟ್ಟಿಸಬೇಡಿ. ಬಿಸಿ ತಗಲಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಮಡಿಕೆ ಬಿಚ್ಚಿ ನೆರಳಲ್ಲಿ ಗಾಳಿಗೆ ಹಾಕಿ. ಬೂಸಲು ಪುಡಿಯ ಹಾಗಿದ್ದರೆ ಪೂರ್ತಿ ಒಣಗಿದ ಮೇಲೆ ಮೆತ್ತಗಿನ ಬ್ರಷ್‌ನಲ್ಲಿ ಹೊರಗಡೆ ಝಾಡಿಸಿ. ಆಮೇಲೆ ರೇಷ್ಮೆ ಗೊತ್ತಿರುವ ಡ್ರೈ ಕ್ಲೀನರ್‌ಗೆ ಕೊಟ್ಟು, ಇದು ಪ್ಲೈವುಡ್ ಬಣ್ಣದ ಕಲೆ ಅಂತ ಬಾಯಿಬಿಟ್ಟು ಹೇಳಿ. ಜರಿ ಕಪ್ಪಾಗಿದೆಯಾ?

ಸಂಜೆಮಲ್ಲಿಗೆ:
ಒಂದರದ್ದು ಸೆರಗಿನ ಕಡೆ ಸ್ವಲ್ಪ ಕಪ್ಪಾಗಿದೆ. ಅದು ಅಮ್ಮನ ಧಾರೆ ಸೀರೆ. ಬೀರುವಿಗಿಂತ ಅದರ ಸಂಕಟವೇ ಜಾಸ್ತಿ ಆಗಿದೆ ಅವರಿಗೆ.

ಜರಿಯಂಚು:
ಅಯ್ಯೋ. ಹಳೇ ಜರಿಯಲ್ಲಿ ಬೆಳ್ಳಿ ಇರುತ್ತದೆ, ತೇವಕ್ಕೆ ಕಪ್ಪಾಗುತ್ತದೆ. ಯಾರೋ ಹೇಳಿದರು ಅಂತ ನಿಂಬೆಹಣ್ಣು, ಟೂತ್‌ಪೇಸ್ಟ್ ಉಜ್ಜಬೇಡಿ. ಜರಿ ಪಾಲಿಶ್ ಮಾಡುವವರು ಇದ್ದಾರೆ, ಸೀರೆ ಕುಚ್ಚು ಕಟ್ಟುವ ಅಂಗಡಿಗಳಲ್ಲಿ ವಿಚಾರಿಸಿ.

ಎತ್ತಿನಗಾಡಿ:
ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಕೆಲಸಕ್ಕೆ ವಾರಂಟಿ, ಹಾನಿಯಾದರೆ ಪರಿಹಾರ, ಎಲ್ಲಾ ಇದೆ.

ಮೂರನೇ_ಮಹಡಿ:
ಇದೆ, ಕಾಗದದಲ್ಲಿ. ನಮ್ಮ ಮನೆಗೆ ಬಂದವನು ವಾಷ್ ಬೇಸಿನ್ ಬಿರುಕು ಬಿಡಿಸಿದ. ಆ್ಯಪ್‌ನಲ್ಲಿ ಮನುಷ್ಯರ ಜೊತೆ ಮಾತಾಡೋಕೆ ದಾರಿ ಹುಡುಕುವಷ್ಟರಲ್ಲಿ ದೂರು ಕೊಡುವ ಗಡುವು ಮುಗಿದಿತ್ತು. ಕೆಲಸ ಆದ ದಿನವೇ ಫೋಟೋ ತೆಗೆದು ಷರತ್ತು ಓದಿಕೊಳ್ಳಿ. ಇಲ್ಲಿನ ಪ್ಲಂಬರ್ ಆದರೆ ಹಾರ್ಡ್‌ವೇರ್ ಅಂಗಡಿ ಮುಂದೆ ಸಿಗುತ್ತಾನೆ.

ಹೊಸಮನೆ_ಹುಡುಗ:
ನಮ್ಮದು ಅಪಾರ್ಟ್‌ಮೆಂಟ್, ಕೀ ಕೊಟ್ಟು ಎರಡು ವರ್ಷ ಆಗಿಲ್ಲ. ಮೇಲಿನ ಮನೆ ಬಚ್ಚಲಿಂದ ನಮ್ಮ ಸೀಲಿಂಗ್ ಒದ್ದೆ. ಮೇಲಿನವರು ಬಿಲ್ಡರ್ ಅಂತಾರೆ, ಬಿಲ್ಡರ್ ಮೇಲಿನವರು ಹಾಕಿಸಿದ ಜಕೂಝಿ ಅಂತಾನೆ.

ಕೋರ್ಟ್‌ಹಕ್ಕಿ:
ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ 14(3) ಓದಿ. ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ, ಕೆಲಸದ ದೋಷ ಕಂಡರೆ ತಿಳಿಸಿದ 30 ದಿನದಲ್ಲಿ ಬಿಲ್ಡರ್ ಖರ್ಚಿಲ್ಲದೆ ಸರಿ ಮಾಡಿಕೊಡಬೇಕು. ಮೇಲಿನವರು ಸ್ಲ್ಯಾಬ್ ಕೆದಕಿ ಏನೋ ಹಾಕಿಸಿದ್ದರೆ ಕಥೆ ಬೇರೆ. ಇದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಕಲಸುಮೇಲೋಗರ ಆಗುತ್ತಿದೆ.

ಕಾಲಂ_ಬೀಮ್:
ಒಂದೇ ಮಾತು ಹೇಳಿಬಿಡುತ್ತೇನೆ. ಮೇಲಿನವರ ನಹಾನಿ ಟ್ರ್ಯಾಪ್ (ಬಚ್ಚಲ ನೆಲದ ನೀರು ಹೋಗುವ ಕಂಡಿ) ಮುಚ್ಚಿ, ಬಣ್ಣ ಕಲಸಿದ ನೀರು ನಿಲ್ಲಿಸಿ ಒಂದು ದಿನ ಬಿಡಿ. ನಿಮ್ಮ ಸೀಲಿಂಗಿನಲ್ಲಿ ಬಣ್ಣ ಬಂದರೆ ವಾಟರ್‌ಪ್ರೂಫಿಂಗ್ ಹೋಗಿದೆ. ಬರದೆ ಇದ್ದು ತೊಟ್ಟಿಕ್ಕುವುದು ಮಾತ್ರ ನಿಲ್ಲದಿದ್ದರೆ ಪೈಪ್.

ಸಂಜೆಮಲ್ಲಿಗೆ:
ಅಪ್‌ಡೇಟ್. ವಾಲ್ವ್ ಮುಚ್ಚಿದ ಮೇಲೆ ಜಿನುಗುವುದು ನಿಂತಿತು. ನಿನ್ನೆ ಬೇರೆ ಪ್ಲಂಬರ್ ಒಬ್ಬರು ಕೈಪಂಪ್ ತಂದು ಪ್ರೆಷರ್ ಟೆಸ್ಟ್ ಮಾಡಿದರು. ಬಿಸಿನೀರಿನ ಲೈನಿಗೆ ಒತ್ತಡ ಕೊಟ್ಟರೆ ಮುಳ್ಳು ನಿಲ್ಲದೆ ಇಳಿಯುತ್ತದೆ, ತಣ್ಣೀರಿನ ಕಡೆ ಕದಲಲಿಲ್ಲ. ಕೋರ್ಟ್‌ಹಕ್ಕಿಯವರು ಹೇಳಿದ ಹಾಗೆ ಹಳೇ ಪ್ಲಂಬರ್‌ಗೆ ಮೆಸೇಜ್ ಹಾಕಿದ್ದೆವು. ಬರಲ್ಲ ಅಂದುಕೊಂಡಿದ್ದೆ, ಬಂದ!

ಎರಡು ಟೈಲ್ಸ್ ಕಟರ್ ಹಾಕಿ ತೆಗೆದರು. ಒಳಗಿನ ಗಾರೆ ಉಂಡೆ ಕಟ್ಟುವ ಹಾಗೆ ಮೆತ್ತಗಾಗಿತ್ತು. ಎಲ್ಬೋ ಕುತ್ತಿಗೆಯಲ್ಲಿ ಬಿರುಕು. ತೆಗೆದು ತೊಳೆದು ಬೆಳಕಿಗೆ ಹಿಡಿದರೆ ಬಿರುಕಿನ ಒಂದು ತುದಿಯಲ್ಲಿ ಬಿಳಿ ಉಪ್ಪು ಗಟ್ಟಿಯಾಗಿ ಕೂತಿದೆ. ಇನ್ನೊಂದು ತುದಿಯಲ್ಲಿ ಏನೂ ಇಲ್ಲ, ಹೊಸದಾಗಿ ಮುರಿದ ಹಾಗೆ ಚೊಕ್ಕವಾಗಿದೆ. ಹಳೇ ಪ್ಲಂಬರ್ ಉಪ್ಪು ತೋರಿಸಿ "ನೋಡಿ ಮೇಡಂ, ಮೊದಲೇ ಒಡೆದಿತ್ತು" ಅಂದ. ಹೊಸಬರು ಇನ್ನೊಂದು ತುದಿ ತೋರಿಸಿ "ಇದು ರೆಂಚ್ ಕೆಲಸ ಕಣಯ್ಯಾ" ಅಂದರು. ಈಗ ಇದನ್ನು ಏನಂತ ತಿಳಿಯಬೇಕು?

ಕಾಲಂ_ಬೀಮ್:
ಇಬ್ಬರೂ ಸರಿ. ಮೊದಲು ಸಣ್ಣ ಬಿರುಕಿತ್ತು, ಒಸರಿ ಒಸರಿ ಉಪ್ಪೇ ಅದನ್ನು ಮುಚ್ಚಿಕೊಂಡಿತ್ತು. ರೆಂಚ್ ಹಾಕಿದಾಗ ಉಳಿದದ್ದು ಬಾಯಿ ಬಿಟ್ಟಿತು. ಅವನು ಮುಟ್ಟದಿದ್ದರೆ ಇನ್ನೂ ಎಷ್ಟು ದಿನ ತಡೆಯುತ್ತಿತ್ತೋ ಹೇಳೋಕಾಗಲ್ಲ. ಮನೆಯಲ್ಲಿ ಪ್ರೆಷರ್ ಪಂಪ್ ಇದೆಯಾ?

ಸಂಜೆಮಲ್ಲಿಗೆ:
ಇಲ್ಲ, ಟ್ಯಾಂಕಿನ ಒತ್ತಡ ಅಷ್ಟೇ.

ಧಾರವಾಡ_ಫೇಡೆ:
ಅರ್ಧ ಅರ್ಧ ಮಾಡಿ ಮುಗಿಸಿ. 19,000 ಅವನು ಕೊಡಲಿ.

ರೆಂಚ್_ಮನೆತನ:
ಬಂದಿದ್ದಾನಲ್ಲ, ಅದನ್ನು ಗಮನಿಸಿ. ತಪ್ಪಿಸಿಕೊಳ್ಳುವವನು ನಂಬರ್ ಬ್ಲಾಕ್ ಮಾಡುತ್ತಿದ್ದ. 19,000 ಅಂದರೆ ಅವನ ಎಷ್ಟೋ ದಿನದ ಕೂಲಿ. ಕೈಯಿಂದ ಆಗುವಂಥದ್ದು ಕೇಳಿ.

ಕೋರ್ಟ್‌ಹಕ್ಕಿ:
ಕೇಸ್ ಹಾಕಿದರೂ ಆ ಉಪ್ಪಿನ ಫೋಟೋ ನೋಡಿದ ಮೇಲೆ ಪೂರ್ತಿ ಸಿಗುವುದು ಕಷ್ಟ. ರಾಜಿ ಒಳ್ಳೆಯದು. ಆದರೆ ಏನು ಒಪ್ಪಿದಿರೋ ಅದನ್ನು ಅವತ್ತೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಅವನಿಂದ "ಸರಿ" ಅನ್ನಿಸಿಕೊಳ್ಳಿ.

ಸಂಜೆಮಲ್ಲಿಗೆ:
ಕೂತು ಮಾತಾಡಿದೆವು. ಹೊಸ ಎಲ್ಬೋ, ಪೈಪ್ ತುಂಡು, ಟೈಲ್ಸ್ ಸಾಮಾನು ನಮ್ಮದು. ಕೂಲಿ ಅವನದು. ತಣ್ಣೀರಿನ ಕಡೆಯ ಹಳೇ ಎಲ್ಬೋ ಕೂಡ ಇದರ ಜೊತೆಗೇ ಬದಲಾಯಿಸುತ್ತಾನೆ. ಬೀರುವಿಗೆ 6,000 ಕೊಡುತ್ತಾನೆ, ಎರಡು ಕಂತಿನಲ್ಲಿ. ಹೊಸಬರು ಟೆಸ್ಟ್‌ಗೆ ತೆಗೆದುಕೊಂಡ 1,500 ಕೂಡ ನಮ್ಮದೇ. ನಮ್ಮ ಯಜಮಾನರಿಗೆ ಸಮಾಧಾನ ಇಲ್ಲ, ಅಮ್ಮನಿಗೆ ಇದೆ.

ಎತ್ತಿನಗಾಡಿ:
ಮೋಸ ಹೋದಿರಿ. 38ರಲ್ಲಿ 6.

ಘಟ್ಟದ_ಕೆಳಗೆ:
ನನಗೆ ಮಂಗನಿಂದ ಒಂದು ಬಾಳೆಹಣ್ಣೂ ಸಿಗಲಿಲ್ಲ. 6,000 ಚೆನ್ನಾಗೇ ಇದೆ.

ಕಾಲಂ_ಬೀಮ್:
ಟೈಲ್ಸ್ ಮುಚ್ಚುವ ಮುಂಚೆ ಮತ್ತೊಮ್ಮೆ ಪ್ರೆಷರ್ ಟೆಸ್ಟ್ ಮಾಡಿಸಿ. ಸಾಲ್ವೆಂಟ್ (ಪೈಪ್ ಅಂಟಿಸುವ ಗೋಂದು) ಹಚ್ಚಿದ ಕೂಡಲೇ ನೀರು ಬಿಡಬಾರದು, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಡಿ. ತೆರೆದ ಗೋಡೆಗೆ ಟೇಪ್ ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಅಳತೆ ಕಾಣುವ ಹಾಗೆ ಫೋಟೋ ತೆಗೆಯಿರಿ. ಬೆಡ್‌ರೂಮ್ ಕಡೆ ಕೆಟ್ಟ ಪುಟ್ಟಿ, ಸಡಿಲ ಗಾರೆ ಕೆರೆಸಿ ಹಾಗೇ ಬಿಡಿ, ಫ್ಯಾನ್ ಹಾಕಿ. ಈಗಲೇ ಪೇಂಟ್ ಹೊಡೆಸಿದರೆ ಸಂಕ್ರಾಂತಿಗೆ ಮತ್ತೆ ಗುಳ್ಳೆ. ಬಡಗಿಗೂ ಗೋಡೆ ಒಣಗುವ ತನಕ ಬರಬೇಡ ಅನ್ನಿ, ಅವನು ಅವಸರ ಮಾಡುತ್ತಾನೆ.

ಸಂಜೆಮಲ್ಲಿಗೆ:
ಸರಿ ಸರ್. ಟೈಲ್ಸ್‌ದೇ ತಲೆನೋವು. ಆ ಡಿಸೈನ್ ಈಗ ಎಲ್ಲೂ ಇಲ್ಲ.

ಮೈಸೂರ್_ಮೈಸೂರ್:
ಹುಡುಕಿ ಸುಸ್ತಾಗಬೇಡಿ, ಹತ್ತಿರದ ಬಣ್ಣ ತಂದರೆ ತೇಪೆಯೇ ಎದ್ದು ಕಾಣುತ್ತದೆ. ಬೇರೆಯದೇ ಬಣ್ಣದ್ದು ಆ ಸಾಲಿನ ಉದ್ದಕ್ಕೂ ಪಟ್ಟಿ ಹಾಕಿಸಿ, ಬೇಕು ಅಂತಲೇ ಮಾಡಿಸಿದ ಹಾಗಿರುತ್ತದೆ. ಅಥವಾ ಗೀಸರ್ ಕೆಳಗೆ ಒಂದು ಸಣ್ಣ ಮುಚ್ಚಳ ಮಾಡಿಸಿ, ಮುಂದಿನ ಸಲ ಒಡೆಯುವುದೇ ಬೇಡ.

ಸಂಜೆಮಲ್ಲಿಗೆ:
ಮುಚ್ಚಳದ ಐಡಿಯಾ ಚೆನ್ನಾಗಿದೆ. ಕೇಳುತ್ತೇನೆ.

ಹೊಸಮನೆ_ಹುಡುಗ:
ಮೇಡಂ, ಆ ಪ್ಲಂಬರ್ ನಂಬರ್ ಸಿಗುತ್ತಾ?

ಸಂಜೆಮಲ್ಲಿಗೆ:
ಯಾರದ್ದು, ಒಡೆದವನದ್ದಾ, ಹುಡುಕಿದವರದ್ದಾ?

ಹೊಸಮನೆ_ಹುಡುಗ:
ಕರೆದರೆ ಬರೋರದ್ದು.

ಸಂಜೆಮಲ್ಲಿಗೆ:
ಹಾಗಾದ್ರೆ ಇಬ್ಬರದ್ದೂ ಕಳಿಸುತ್ತೇನೆ.